ಭೂಗರ್ಭಾಸುರನ ವಧೆ ಮತ್ತು ತದನಂತರದ ಆಡಳಿತಾತ್ಮಕ ಕ್ರಮಗಳು

ಖಾಲಿ ಚೀಲ ಸಂರಕ್ಷಣಾ ಮಂಡಳಿಯ ನೌಕರರು ಇನ್ನು ಮುಂದೆ ಕಚೇರಿ ವೇಳೆಯಲ್ಲಿ ಆನ್‌ಲೈನ್ ಆಟವನ್ನು ಆಡತಕ್ಕದ್ದು ಎಂಬ ಸುತ್ತೋಲೆ ಹಾಸನದ ಕೇಂದ್ರ ಕಚೇರಿಯಿಂದ ಹೊರಟದ್ದು ಆಷಾಢದ ಒಂದು ಸೋಮವಾರ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ನೌಕರರು ಮೊದಲಿನಿಂದಲೂ ಆಡುತ್ತಿದ್ದರು. ಅದನ್ನು ತಡೆಯಲೆಂದು ನೇಮಿಸಿದ ಸಮಿತಿಯವರು, ಆಟ ಎಂಥದ್ದೆಂದು ತಿಳಿಯುವ ಸಲುವಾಗಿ ತಾವೂ ಆಡತೊಡಗಿ, ವರದಿ ಬರೆಯಲು ಬಿಡುವಿಲ್ಲದವರಾಗಿದ್ದರು. ಆದ್ದರಿಂದ ಮಂಡಳಿಯು, ಸರ್ಕಾರಿ ಜಾಗದಲ್ಲಿ ಎದ್ದ ಮನೆಗಳಿಗೆ ಮಾಡುವಂತೆ, ಅಕ್ರಮವಾಗಿ ನಡೆಯುತ್ತಿದ್ದ ಆಟವನ್ನು ಸಕ್ರಮಗೊಳಿಸಿತು.

ಸುತ್ತೋಲೆಯ ಪ್ರಕಾರ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಕಚೇರಿಗಳಿಂದ ಒಬ್ಬೊಬ್ಬರು ಸೇರಿ ತಂಡ ಕಟ್ಟಿ, ಆಟದೊಳಗೆ ನೆಲಮಾಳಿಗೆಯಲ್ಲಿ ವಾಸವಾಗಿರುವ ಭೂಗರ್ಭಾಸುರ ಎಂಬ ರಾಕ್ಷಸನನ್ನು ಕೊಲ್ಲಬೇಕಿತ್ತು. ಇದರಿಂದ ಖಾಲಿ ಚೀಲಗಳಿಗೆ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ. ಮಂಡಳಿಯ ಬೇರೆ ಕೆಲಸಗಳ ಬಗ್ಗೆಯೂ ಯಾರೂ ಹಾಗೆ ಕೇಳಿದ್ದಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಒಂದು ವಿಷಯವಿತ್ತು: ಅಸುರನು ಯಾರ ಕೊನೆಯ ಹೊಡೆತದಿಂದ ಸಾಯುವನೋ ಅವರನ್ನು ಕೋರಿದ ಸ್ಥಳಕ್ಕೆ ವರ್ಗಾಯಿಸಲಾಗುವುದು.

ಅರಕಲಗೂಡು ಕಚೇರಿಯ ದ್ವಿತೀಯ ದರ್ಜೆ ಸಹಾಯಕ ರಜನೀಶ್ ಈ ಸಾಲನ್ನು ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಓದಿದ. ಅವನ ಹೆಂಡತಿ ಸೌಜನ್ಯ ಚನ್ನರಾಯಪಟ್ಟಣದಲ್ಲಿ ನರ್ಸು. ಮಗಳು ತೇಜಶ್ರೀ ಅಲ್ಲೇ ಮೂರನೆಯ ತರಗತಿ. ಶನಿವಾರ ಸಂಜೆ ಬಸ್ಸು ಹಿಡಿದು, ಹೊಳೆನರಸೀಪುರದಲ್ಲಿ ಇಳಿದು ಹತ್ತಿ, ಮನೆ ಸೇರುವಷ್ಟರಲ್ಲಿ ಮಗುವಿಗೆ ನಿದ್ದೆ. ಭಾನುವಾರ ಮಧ್ಯಾಹ್ನ ಅವಳು ಹತ್ತಿರ ಬರುವಷ್ಟರಲ್ಲಿ ಇವನಿಗೆ ವಾಪಸ್ ಬಸ್ಸು. ಹಿಂದಿನ ವಾರ ಅವಳು ಲೋಟದಲ್ಲಿ ನೀರು ತಂದುಕೊಟ್ಟು, “ಕೂತ್ಕೊಳಿ, ಅಮ್ಮ ಈಗ ಬರ್ತಾರೆ” ಎಂದಿದ್ದಳು. ಸೌಜನ್ಯ ನಕ್ಕಿದ್ದಳು. ರಜನೀಶನೂ ನಕ್ಕಿದ್ದ. ಬಸ್ಸಿನಲ್ಲಿ ಮಾತ್ರ ಅವನಿಗೆ ನಗು ಬಂದಿರಲಿಲ್ಲ.

ಅಸುರನನ್ನು ಕೊಲ್ಲುವ ವಿಚಾರದಲ್ಲಿ ಅವನಿಗೆ ಧೈರ್ಯವಿತ್ತು. ಅರಕಲಗೂಡಿನ ಬಾಡಿಗೆ ಕೋಣೆಯಲ್ಲಿ ಪ್ರತಿ ಸಂಜೆ ಅವನು ಆಡುತ್ತಿದ್ದುದು ಅದೇ ಆಟ. ಅದರಲ್ಲಿ ಅವನು ಧರ್ಮವೀರ. ಧರ್ಮವೀರರಲ್ಲಿ ಮೂರು ಬಗೆ: ಗಾಯಗೊಂಡವರನ್ನು ಗುಣಪಡಿಸುವವರು, ಮುಂದೆ ನಿಂತು ಕಾಯುವವರು, ದೇವರ ಹೆಸರು ಹೇಳಿ ದೊಡ್ಡ ಸುತ್ತಿಗೆಯಿಂದ ದಂಡಿಸುವವರು. ಮೊದಲ ಎರಡು ಬಗೆಯವರಿಗೆ ಎಲ್ಲೆಲ್ಲೂ ಮರ್ಯಾದೆ. ಮೂರನೆಯವರನ್ನು ಯಾವ ತಂಡವೂ ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ, “ಗುಣಪಡಿಸೋಕೆ ಬರಲ್ವಾ?” ಎಂದೇ ಕೇಳುತ್ತದೆ. ರಜನೀಶ ಬೇಕೆಂದೇ ಮೂರನೆಯವನಾಗಿದ್ದ. ದಿನವಿಡೀ “ಆಗ್ಲಿ ಸರ್” ಎಂದವನಿಗೆ ಸಂಜೆ ಒಂದಿಷ್ಟು ಹೊಡೆಯಬೇಕೆನಿಸುವುದು ಸಹಜ.

ಪೂರ್ವಭಾವಿ ಸಭೆ ಹಾಸನದಲ್ಲಿ ನಡೆಯಿತು. ಜಿಲ್ಲಾಧಿಕಾರಿ ದರ್ಜೆಯವರಲ್ಲದಿದ್ದರೂ ಆ ದರ್ಜೆಯ ಕುರ್ಚಿ ಮಾಡಿಸಿಕೊಂಡಿದ್ದ ಮಂಡಳಿಯ ಮುಖ್ಯಾಧಿಕಾರಿ ಅಮರನಾಥರು ತಂಡದ ನಾಯಕರು. ಹೊಳೆನರಸೀಪುರದ ಸೂಪರಿಂಟೆಂಡೆಂಟ್ ಚಂದ್ರಯ್ಯನವರು ಗುರಾಣಿ ಹಿಡಿದು ಏಟು ತಿನ್ನುವವರು. ನಿವೃತ್ತಿಗೆ ಹತ್ತಿರವಿದ್ದ ಅವರಿಗೆ ಅದು ಹೊಸದೆನಿಸಲಿಲ್ಲ. ಚನ್ನರಾಯಪಟ್ಟಣದ ಯಶಸ್ವಿನಿ ಬಿಲ್ಲುಗಾರ್ತಿ.

“ನಿಮ್ದು ಯಾವ ವೇಷ ರೀ?” ಎಂದರು ಅಮರನಾಥರು.

“ಧರ್ಮವೀರ ಸರ್. ದಂಡನೆ.”

“ಅಂದ್ರೆ?”

“ದೇವರ ಹೆಸರು ಹೇಳಿ ಹೊಡೆಯೋದು ಸರ್.”

“ದೇವರ ಹೆಸರು ಹೇಳ್ತೀರಿ, ಸಂತೋಷ. ಆಮೇಲೆ ಹೊಡೆಯೋದ್ಯಾಕೆ?”

“ನಮ್ಮೂರಲ್ಲೂ ಅಂಗೇಯ ಸಾ,” ಎಂದರು ಚಂದ್ರಯ್ಯ. “ದೇವ್ರ ಎಸ್ರು ಏಳ್ದೆ ಯಾರೂ ಒಡ್ದಾಡಾಕಿಲ್ಲ.”

ಅಮರನಾಥರು ಒಪ್ಪಲಿಲ್ಲ. ಧರ್ಮವೀರನಿಗೆ ಗುಣಪಡಿಸಲು ಬರುವುದಾದರೆ ಗುಣಪಡಿಸತಕ್ಕದ್ದು ಎಂದು ತೀರ್ಮಾನವಾಯಿತು. “ನನ್ನ ಧರ್ಮವೀರ ಅದನ್ನ ಕಲ್ತಿಲ್ಲ ಸರ್” ಎಂದ ರಜನೀಶನಿಗೆ, “ನಾನೇನು ಆಡಳಿತ ಕಲ್ತು ಬಂದೆನೇನ್ರೀ?” ಎಂಬ ಉತ್ತರ ಸಿಕ್ಕಿತು.

ಮೊದಲ ಪ್ರಯತ್ನದಲ್ಲಿ ರಜನೀಶ ಗುಣಪಡಿಸಿದ. ಎಲ್ಲರೂ ಸತ್ತರು. ಅಸುರನಿಗೆ ಗೀರೂ ಬೀಳಲಿಲ್ಲ.

“ಸರ್, ನನ್ನ ಬಾಣ ಅವನಿಗೆ ಸೊಳ್ಳೆ ಕಚ್ಚಿದ ಹಾಗೆ. ರಜನೀಶ್ ಹೊಡೀದಿದ್ರೆ ನಾವೆಲ್ಲ ರಿಟೈರ್ ಆಗೋವರೆಗೂ ಅವನು ಸಾಯಲ್ಲ” ಎಂದಳು ಯಶಸ್ವಿನಿ.

ಅಮರನಾಥರು ಯೋಚಿಸಿ, ಕಡತದ ಕ್ರಮವನ್ನೇ ಕಾಳಗಕ್ಕೂ ಅನ್ವಯಿಸಿದರು. ಕಚೇರಿಯಲ್ಲಿ ಕೆಳಗಿನವರು ಕರಡು ತಯಾರಿಸಿ ಮಂಡಿಸುತ್ತಾರೆ, ಮೇಲಿನವರು ಸಹಿ ಹಾಕುತ್ತಾರೆ. ಅದೇ ರೀತಿ ರಜನೀಶನು ಅಸುರನಿಗೆ ಕರಡು ಹೊಡೆತಗಳನ್ನು ಹೊಡೆದು, ಪ್ರಾಣ ಕೊರಳಿಗೆ ಬಂದ ಹಂತದಲ್ಲಿ ನಿಲ್ಲಿಸಿ, ಅಂತಿಮ ಹೊಡೆತಕ್ಕಾಗಿ ಮುಖ್ಯಾಧಿಕಾರಿಯವರಿಗೆ ಮಂಡಿಸತಕ್ಕದ್ದು. ಅಧಿಕಾರವಿಲ್ಲದೆ ಅಂತಿಮ ಹೊಡೆತ ಹೊಡೆದವರನ್ನು ಅಮಾನತಿನಲ್ಲಿಡಲಾಗುವುದು.

ಅಮರನಾಥರು ಕೋರಬೇಕಾದ ಸ್ಥಳವೇನೂ ಇರಲಿಲ್ಲ. ಹಾಸನದಲ್ಲಿ ಅವರಿಗೆ ಎಲ್ಲವೂ ಇತ್ತು. ಆದರೆ ಕೆಳಗಿನವರು ಕೋರಿದ್ದು ಕೆಳಗಿನವರಿಗೇ ಸಿಕ್ಕಿಬಿಟ್ಟರೆ ಮೇಲಿನವರ ಹುದ್ದೆಗೆ ಅರ್ಥವೇನು ಎಂಬುದು ಅವರ ಸೇವಾನುಭವ.

ಎರಡನೆಯ ಪ್ರಯತ್ನಕ್ಕೆ ನಾಲ್ವರೂ ಹಾಸನದ ಸಭಾಂಗಣದಲ್ಲಿ ಸಾಲಾಗಿ ಕಂಪ್ಯೂಟರ್ ಮುಂದೆ ಕುಳಿತರು. ಬೆಳಗಿನ ತಿಂಡಿ ಮುಗಿದಿತ್ತು. ಆಟದಲ್ಲಿ ಅಮರನಾಥರ ವೇಷವಾದ ಮಾಂತ್ರಿಕನು ಬಂಗಾರದ ನಿಲುವಂಗಿ ತೊಟ್ಟು, ನಾಲ್ವರಲ್ಲಿ ಅತ್ಯಂತ ಸುಂದರವಾಗಿ, ಅತ್ಯಂತ ಹಿಂದೆ ನಿಂತಿದ್ದ. ಅವರು ಸ್ವತಃ ಕೀಲಿ ಒತ್ತುತ್ತಿರಲಿಲ್ಲ. ಅವರು “ಹೊಡಿ” ಎಂದಾಗ ಒತ್ತಲು ಪಕ್ಕದಲ್ಲಿ ಅಟೆಂಡರ್ ದ್ಯಾವಯ್ಯ ನಿಂತಿರುತ್ತಿದ್ದ.

ರಜನೀಶ ಸುತ್ತಿಗೆ ಎತ್ತಿದ. ಹೊಡೆದ. ಆಕಾಶದಿಂದ ಬೆಳಕು ಸುರಿಯಿತು, ನೆಲಮಾಳಿಗೆ ಅದುರಿತು, ಚಂದ್ರಯ್ಯನವರು “ಅಂಗೆ ಆಕ್ಲಾ, ಅಂಗೆ ಆಕು!” ಎಂದು ಕೂಗಿ, ಮುಖ್ಯಾಧಿಕಾರಿಗಳ ಸಮ್ಮುಖವನ್ನು ನೆನೆದು, “ಆಕಿ, ಆಕಿ” ಎಂದು ತಿದ್ದಿಕೊಂಡರು. ಅಸುರನ ಪ್ರಾಣದ ಕೆಂಪು ಗೆರೆ ಕುಗ್ಗುತ್ತ ಕುಗ್ಗುತ್ತ ಕೂದಲೆಳೆಯಷ್ಟಾಯಿತು.

“ಮಂಡಿಸಿದ್ದೇನೆ ಸರ್” ಎಂದ ರಜನೀಶ.

“ದ್ಯಾವಯ್ಯ, ಹೊಡಿ!” ಎಂದರು ಅಮರನಾಥರು.

ದ್ಯಾವಯ್ಯ ಇರಲಿಲ್ಲ. ಸಾಹೇಬರಿಗೆ ಕಾಫಿ ತರಲು ಹೋಗಿದ್ದ. ಕಳಿಸಿದ್ದು ಸಾಹೇಬರೇ.

“ಇದ್ರಲ್ಲಿ ಯಾವುದ್ರೀ ಒತ್ತೋದು?”

ರಜನೀಶನ ಬೆರಳು ತನ್ನ ಕೀಲಿಯ ಮೇಲಿತ್ತು. ಒಂದು ಸಲ ಒತ್ತಿದರೆ ಅಸುರ ಸಾಯುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಒಂದು ಹುದ್ದೆ ಖಾಲಿಯಿತ್ತು. ಮಗು ನೀರಿನ ಲೋಟ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಅಮಾನತು ಎಂಬ ಪದವೂ ಬಂತು. ಅವನು ಎರಡೂ ಕೈಗಳನ್ನು ಕೀಲಿಮಣೆಯಿಂದ ಎತ್ತಿ, ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಹಿಡಿದ.

ಸುಮ್ಮನೆ ನಿಂತ ಧರ್ಮವೀರನನ್ನು ಕಂಡು ಅಸುರ ಗದೆ ಬೀಸಿದ. ದಂಡನೆಯ ಧರ್ಮವೀರರ ಮೈಸುತ್ತ ಒಂದು ಬೆಳಕಿರುತ್ತದೆ. ಅವರನ್ನು ಹೊಡೆದವರಿಗೆ, ಕೊಟ್ಟ ಏಟಿನಲ್ಲಿ ಒಂದು ಚೂರು ತಾನಾಗಿ ವಾಪಸಾಗುತ್ತದೆ. ಆ ಚೂರು ಸಾಕಾಯಿತು. ಭೂಗರ್ಭಾಸುರ ಮಂಡಿಯೂರಿ, ಮುಗ್ಗರಿಸಿ, ಸತ್ತ.

ದ್ಯಾವಯ್ಯ ಕಾಫಿ ತಂದಿಟ್ಟ. “ಒಡೀಲಾ ಬುದ್ಧಿ?” ಎಂದ.

ಕಾಫಿ ಆರುವ ಮೊದಲೇ ವಿಚಾರಣೆ ಆರಂಭವಾಯಿತು.

“ರಜನೀಶ್, ನೀವು ಹೊಡೆದ್ರಾ?”

“ಇಲ್ಲ ಸರ್.”

“ಒಡೀನಿಲ್ಲ ಸಾ,” ಎಂದರು ಚಂದ್ರಯ್ಯ. “ಪೋಲೀಸ್ನೋರು ಇಡ್ದಂಗೆ ಎಲ್ಡೂ ಕೈ ಮ್ಯಾಕೆ ಎತ್ಕಂಡು ಕುಂತಿದ್ದ.”

“ಆ ಬೆಳಕು ನಿಮ್ದು ತಾನೆ?”

ರಜನೀಶ ಲೆಕ್ಕ ಹಾಕಿದ. ಬೆಳಕು ನನ್ನದು ಎಂದರೆ ಹೊಡೆತವೂ ಅವನದು, ಹೊಡೆತ ಅವನದಾದರೆ ಅಮಾನತು, ಅಮಾನತಿನಲ್ಲಿರುವವರಿಗೆ ವರ್ಗಾವಣೆಯಿಲ್ಲ. ನನ್ನದಲ್ಲ ಎಂದರೆ ಕೆಲಸ ಉಳಿಯುತ್ತದೆ, ಶನಿವಾರದ ಬಸ್ಸೂ ಉಳಿಯುತ್ತದೆ.

“ಬೆಳಕು ದೇವರದು ಸರ್. ಹೊಡೆತ ಅಸುರನದು.”

ಅಮರನಾಥರು ಸುತ್ತೋಲೆ ತರಿಸಿ ಓದಿದರು. ಯಾರ ಕೊನೆಯ ಹೊಡೆತದಿಂದ ಅಸುರ ಸಾಯುವನೋ ಅವರಿಗೆ ವರ್ಗಾವಣೆ. ಕೆಳಗೆ ಅವರದೇ ಸಹಿ. ಅವರು ಬಹಳ ಹೊತ್ತು ಸಹಿಯನ್ನು ನೋಡಿ, ಅದನ್ನು ಗೌರವಿಸಲು ನಿರ್ಧರಿಸಿದರು.

“ಆದ್ರೆ ಅವರು ಸತ್ತಿದ್ದಾರಲ್ಲ?” ಎಂದರು. ಆ ಕ್ಷಣದಿಂದ ಅಸುರನಿಗೆ ಬಹುವಚನ ಪ್ರಾಪ್ತವಾಯಿತು.

“ಬುಧವಾರ ಬುಧವಾರ ಮತ್ತೆ ಹುಟ್ತಾರೆ ಸರ್. ಆಟದ ನಿಯಮ” ಎಂದಳು ಯಶಸ್ವಿನಿ.

“ಹಾಗಾದ್ರೆ ಸೇವೆಗೆ ಭಂಗ ಇಲ್ಲ.”

ಶ್ರೀ ಭೂಗರ್ಭಾಸುರ ಅವರು ಯಾವ ಸ್ಥಳವನ್ನೂ ಕೋರಿರಲಿಲ್ಲವಾಗಿ, ಜಿಲ್ಲೆಯಲ್ಲಿ ಖಾಲಿಯಿದ್ದ ಏಕೈಕ ಹುದ್ದೆಗೆ, ಅಂದರೆ ಚನ್ನರಾಯಪಟ್ಟಣಕ್ಕೆ, ಅವರನ್ನು ನಿಯುಕ್ತಿಗೊಳಿಸಿ ಆದೇಶ ಹೊರಟಿತು.

ಭಾನುವಾರ ರಜನೀಶ ಸುದ್ದಿ ಹೇಳಿದಾಗ ಸೌಜನ್ಯ ಸೊಪ್ಪು ಬಿಡಿಸುತ್ತಿದ್ದಳು.

“ರಾಕ್ಷಸನಿಗೆ ಕೊಟ್ರಾ? ನಮ್ಮೂರಿಗೇ?”

“ಹೂಂ.”

“ಅವನ ಸಂಸಾರ ಎಲ್ಲಿದೆಯಂತೆ?”

“ನೆಲಮಾಳಿಗೇಲಿ.”

“ನೋಡಿ, ಪಾಪ, ಅವನಿಗೂ ದೂರ ಹಾಕಿದ್ದಾರೆ” ಎಂದು ಸೊಪ್ಪಿನ ಕಡ್ಡಿಗಳನ್ನು ಜೋರಾಗಿ ಮುರಿದಳು.

ಗಡುವು ಮುಗಿದರೂ ಶ್ರೀ ಭೂಗರ್ಭಾಸುರ ಅವರು ಕರ್ತವ್ಯಕ್ಕೆ ಹಾಜರಾಗಲಿಲ್ಲ. ಚನ್ನರಾಯಪಟ್ಟಣದ ಗೋದಾಮಿನಲ್ಲಿ ಚೀಲಗಳು ಬಾಗಿಲ ತನಕ ಬೆಳೆದವು. ಹುದ್ದೆ ಭರ್ತಿಯಾಗಿದ್ದರಿಂದ ಬೇರೆಯವರನ್ನು ಹಾಕುವಂತಿರಲಿಲ್ಲ. ಕೊನೆಗೆ ಅಮರನಾಥರು ಇನ್ನೊಂದು ಆದೇಶ ಹೊರಡಿಸಿದರು: ಸದರಿ ಅಸುರರು ಬಂದು ಅಧಿಕಾರ ವಹಿಸಿಕೊಳ್ಳುವವರೆಗೆ, ಅವರ ಸ್ವಭಾವವನ್ನು ಹತ್ತಿರದಿಂದ ಬಲ್ಲ ರಜನೀಶ್ ಅವರು ಸದರಿ ಹುದ್ದೆಯ ಪ್ರಭಾರದಲ್ಲಿರತಕ್ಕದ್ದು.

ರಜನೀಶ ಅಂದೇ ಕೋಣೆ ಖಾಲಿ ಮಾಡಿದ.

ಆದೇಶದ ಒಳಗಿದ್ದ ಅಪಾಯ ಅವನಿಗೆ ಹೊಳೆದದ್ದು ಚನ್ನರಾಯಪಟ್ಟಣದ ಕುರ್ಚಿಯಲ್ಲಿ ಕುಳಿತ ಮೇಲೆ. ಅಸುರರು ಯಾವಾಗ ಬೇಕಾದರೂ ಬಂದು ಹಾಜರಾಗಬಹುದು. ಬದುಕಿದ್ದವರು ಬರುವುದಿಲ್ಲವೆಂದು ಹೇಳುವುದು ಹೇಗೆ? ಸತ್ತವರಾದರೆ ಚಿಂತೆಯಿಲ್ಲ. ಅವನು ಪತ್ರ ಬರೆದು ಸ್ಪಷ್ಟೀಕರಣ ಕೇಳಿದ. ಪ್ರಭಾರಿಯು ಮೂಲ ನೌಕರರನ್ನು ಪ್ರತಿ ಬುಧವಾರ ಹೊಡೆದು ಕೊಲ್ಲಲು ನಿಯಮಗಳಲ್ಲಿ ಅಡ್ಡಿಯಿಲ್ಲ, ವರ್ಗಾವಣೆಯನ್ನು ಒಮ್ಮೆ ಕೊಟ್ಟಾಗಿರುವುದರಿಂದ ಅದು ಮತ್ತೆ ದೊರೆಯದು, ಆದರೆ ಅದರಿಂದ ಸಾರ್ವಜನಿಕರ ಕೆಲಸಕ್ಕೆ ತೊಂದರೆಯಾಗಬಾರದು ಎಂದು ಹಾಸನದಿಂದ ಉತ್ತರ ಬಂತು.

ಅಂದಿನಿಂದ ಪ್ರತಿ ಬುಧವಾರ, ಊಟ ಮುಗಿಸಿ, ಬಾಗಿಲು ತೆರೆದಿಟ್ಟುಕೊಂಡೇ, ರಜನೀಶ ಸುತ್ತಿಗೆ ಎತ್ತುತ್ತಾನೆ. ಕರಡೂ ಅವನದೇ, ಅಂತಿಮವೂ ಅವನದೇ. ಸಂಜೆ ಮನೆಗೆ ಹೋದಾಗ ತೇಜಶ್ರೀ ಪುಸ್ತಕದಿಂದ ತಲೆ ಎತ್ತದೆ, “ಸತ್ನಾ ಅಪ್ಪ?” ಎನ್ನುತ್ತಾಳೆ. “ಸತ್ತ” ಎಂದರೆ, “ಹಾಗಾದ್ರೆ ನಾಳೆ ನೀನೇ ನನ್ನ ಸ್ಕೂಲಿಗೆ ಬಿಡು” ಎಂದು ಮಗ್ಗಿಗೆ ಮರಳುತ್ತಾಳೆ.

ಹೋದ ಬುಧವಾರ ಶಾಂತಿಗ್ರಾಮದ ಬೀರಲಿಂಗಯ್ಯ ಆಲೂಗಡ್ಡೆ ಚೀಲಗಳ ವಿಚಾರವಾಗಿ ಬಂದಿದ್ದ. ಮೇಜಿನ ಮೇಲಿದ್ದ ಶ್ರೀ ಭೂಗರ್ಭಾಸುರ ಎಂಬ ಹೆಸರಿನ ಹಲಗೆಯನ್ನು ಅಕ್ಷರ ಕೂಡಿಸಿ ಓದಿ, ಕಂಪ್ಯೂಟರಿನಲ್ಲಿ ಆ ಸಾಹೇಬರು ಏಟು ತಿನ್ನುತ್ತಿರುವುದನ್ನು ಇಣುಕಿ ನೋಡಿದ.

“ಇವ್ರೇನಾ ಸಾ, ನಮ್ ಕೆಲ್ಸ ಮಾಡ್ಕೊಡ್ಬೇಕಾಗಿದ್ದೋರು?”

“ಹೌದು. ರಾಕ್ಷಸರು. ಅವರು ಬರೋದಿಲ್ಲ. ಐದು ನಿಮಿಷ ಕೂತಿರಿ, ಸಾಯ್ತಾರೆ.”

ಬೀರಲಿಂಗಯ್ಯ ಬೆಂಚಿನ ಮೇಲೆ ಕುಳಿತು, ಟವೆಲಿನಿಂದ ಮುಖ ಒರೆಸಿಕೊಂಡ.

“ಆಗ್ಲಿ ಬುಡಿ ಸಾ, ಕುಂತಿರ್ತೀನಿ. ಇವ್ರಿಗಿಂತ ಮುಂಚೆ ಒಬ್ರಿದ್ರು, ಮನುಷ್ರೇಯ. ಅವ್ರೂ ಬತ್ತಿರ್ನಿಲ್ಲ.”