ಹೂಂ ಅನ್ನುವ ಡಬ್ಬಿ

"ಇನ್ನ ಮ್ಯಾಲೆ ನೀ ಬಾಯಿ ಬಿಡೂದ ಬ್ಯಾಡೋ ಕಳಕೇಶ!" ಎನ್ನುತ್ತ ಅಂದಾನೆಪ್ಪ ಕಾಕಾ ಕಿಟಕಿಯಲ್ಲಿ ಸ್ಟೀಲಿನ ಡಬ್ಬಿಯೊಂದನ್ನು ಕೂರಿಸಿದ. ಹಳೆಯ ರೇಡಿಯೊದ ಸ್ಪೀಕರು, ಮಿಕ್ಸರಿನ ಕಾಯಿಲು, ನಡುವೆ ಕಾಕಾನೇ ಕೈಯಾರೆ ಕಟ್ಟಿದ ಮೆದುಳು! "ಮಂದಿ ದನಿಯೊಳಗಿನ ದುಃಖಾ, ಸಿಟ್ಟು ಎಲ್ಲಾ ಹಿಡೀತೈತಿ. ನಿನ್ನ ದನಿಯೊಳಗ ತಕ್ಕ ಉತ್ತರಾ ಕೊಡ್ತೈತಿ. ನೀ ಒಳಗ ಕುಂತು ನಾಟಕಾ ಬರಿ!"

ಕಳಕೇಶನಿಗೆ ಬೇಕಾದದ್ದೂ ಅದೇ. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವನೆಂದು ನಕ್ಕವರೆಲ್ಲ ಅವನ ನಾಟಕ ಕೇಳಿ ಬಾಯಿ ಮುಚ್ಚಬೇಕು. ಸಂಜೆಗೆ ತಾಲೀಮು, ಕಡೆಯ ಅಂಕ ಇನ್ನೂ ಬಾಕಿ. ಆದರೆ ಈ ಓಣಿ ಬರೆಯಲು ಬಿಟ್ಟರೆ ತಾನೆ! ಒಂದು ಸಾಲು ಬರೆಯುವಷ್ಟರಲ್ಲಿ ಒಬ್ಬರು ಕಿಟಕಿಗೆ ಬಂದು ಮಾತಾಡಿಸುತ್ತಾರೆ. ಹೂಂ ಅನ್ನದಿದ್ದರೆ ಸೊಕ್ಕಂತೆ! ಅವನು ಪರದೆ ಎಳೆದು, ಕಿವಿಗೆ ಅರಳೆ ತುರುಕಿಕೊಂಡು ಕುಳಿತ.

ಮೊದಲು ಅವ್ವ ಬಂದಳು. "ರೊಟ್ಟಿ ಆರಾಕತ್ಯಾವು, ಬರ್ತೀಯೋ ಇಲ್ಲೋ?"

"ಹೂಂ ಯವ್ವಾ," ಎಂದಿತು ಡಬ್ಬಿ.

ಆಮೇಲೆ ಪಕ್ಕದ ಮನೆಯ ಗುರುಬಸಕ್ಕ. "ಕೊಟಗಿ ಸೋರಾಕತ್ತೈತಿ. ನಮ್ಮ ಎಮ್ಮಿ ನಿಮ್ಮ ಪಡಸಾಲ್ಯಾಗ ಕಟ್ಲೇನಪಾ?"

"ಪಾಪ! ಆಗ್ಲಿ ಬಿಡ್ರಿ!"

ನಾಯಕನ ಪಾತ್ರದ ಟೇಲರ್ ಮಾಬುಸಾಬ ಅಳುವ ದನಿಯಲ್ಲಿ ಕೇಳಿದ: "ಕಡೀಕ ನಾ ಸಾಯೂದು ಬ್ಯಾಡೋ, ಮನ್ಯಾಗ ಎಲ್ಲಾರೂ ಅಳ್ತಾರ!"

"ಅಯ್ಯೋ ಪಾಪ! ಆಗ್ಲಿ ಬಿಡ್ರಿ!"

ಅದೇ ಹೊತ್ತಿಗೆ ಒಳಗೆ ಕಳಕೇಶ ನಾಯಕನನ್ನು ಕೊಂದು, ತಾನೇ ಬಿಕ್ಕಿ ಬಿಕ್ಕಿ ಅತ್ತ. ಎಂಥ ಸಾವು! ಯಾರಿಗಾದರೂ ಈಗಲೇ ಓದಿ ಹೇಳದಿದ್ದರೆ ಎದೆ ಒಡೆಯುತ್ತದೆ! ಅರಳೆ ಕಿತ್ತೆಸೆದು ಪಡಸಾಲೆಗೆ ಓಡಿದವನ ಕಾಲು ಪಚಕ್ಕನೆ ಸೆಗಣಿಯಲ್ಲಿ ಹೂತುಹೋಯಿತು.

"ಈ ಎಮ್ಮಿ ಯಾರ್ ಕಟ್ಟಿದ್ರಿ?"

"ನೀನ ಆಗ್ಲಿ ಅಂದ್ಯಲ್ಲೋ!" ಎಂದಳು ಗುರುಬಸಕ್ಕ ಹೊರಗಿನಿಂದ.

"ನಾಯಕ ಉಳದ್ನಂತ ಊರಿಗೆಲ್ಲಾ ಪೇಡೆ ಹಂಚಿ ಬಂದ್ನೆಪಾ!" ಎಂದ ಮಾಬುಸಾಬ.

"ಅಂದಾಂವ ನಾ ಅಲ್ಲ! ಆ ಡಬ್ಬಿ!"

ಯಾರು ಕೇಳಬೇಕು? ಕಿಟಕಿಯ ಮುಂದೆ ಹನ್ನೊಂದು ಜನರ ಸಾಲು! ಒಬ್ಬೊಬ್ಬರೂ ಹೊಟ್ಟೆಯೊಳಗಿನದನ್ನೆಲ್ಲ ತೋಡಿಕೊಳ್ಳುತ್ತಿದ್ದರು. ಡಬ್ಬಿ ಅವರ ಜೊತೆ ಮೂಗು ಬೇರೆ ಸೇದುತ್ತಿತ್ತು!

"ಕಡೇ ಅಂಕ ಮುಗದೈತ್ರೋ! ಯಾರರೆ ಕೇಳ್ರೋ!"

"ಪಾಳೇಕ ನಿಂದ್ರು," ಎಂದಳು ಗುರುಬಸಕ್ಕ, ತಿರುಗಿಯೂ ನೋಡದೆ.

"ಕಾಕಾ, ಇದನ್ನ ಬಂದ್ ಮಾಡು!"

"ಬಂದ್ ಮಾಡೂ ಗುಂಡೀನ ಇಟ್ಟಿಲ್ಲ. ಹೂಂ ಅನ್ನೂದು ತಪ್ಪಬಾರ್ದು ಅಂದಾಂವ ನೀನ!" ಎಂದ ಸಾಲಿನ ಬದಿಗೆ ನಿಂತಿದ್ದ ಕಾಕಾ.

ಮೈಯೆಲ್ಲ ಉರಿಯುತ್ತ ಕಳಕೇಶ ಹನ್ನೆರಡನೆಯವನಾಗಿ ನಿಂತ. ಪಾಳಿ ಬಂದಾಗ ಕಣ್ಣೀರು ಸುರಿಸುತ್ತ ಇಡೀ ಅಂಕ ಓದಿದ.

"ಪಾಪ! ಆಗ್ಲಿ ಬಿಡ್ರಿ!" ಎಂದಿತು ಅವನದೇ ದನಿ.

"ಏನಾಗ್ಲಿ? ನಾಯಕ ಸತ್ತಾನಲೇ! ಕೇಳಿದ್ಯೋ ಇಲ್ಲೋ?"

"ಹೂಂ."

ಡಬ್ಬಿಯನ್ನು ಜಜ್ಜಲು ಕೈ ಎತ್ತಿದ. ಹಿಂದೆ ರೊಟ್ಟಿಯ ತಾಟು ಹಿಡಿದು ನಿಂತಿದ್ದ ಅವ್ವ ತಡೆದಳು.

"ಒಡೀಬ್ಯಾಡೋ ಯಪ್ಪಾ. ಇಷ್ಟು ವರ್ಷ ನೀನೂ ಹಿಂಗ ಹೂಂ ಅಂತಿದ್ದಿ, ನನಗೇನೂ ಫರಕ ಗೊತ್ತಾಗಲಿಲ್ಲ. ಮ್ಯಾಲ ಇದು ರೊಟ್ಟಿ ಕೇಳಂಗಿಲ್ಲ."