ಕ್ಲಚ್ ಪ್ಲೇಟಿನ ಅಳತೆಗೊಂದು ಅಕ್ಕಿರೊಟ್ಟಿ

ನಮ್ಮ ಮೈದುನನ ಪ್ರಕಾರ ಅಳತೆಯ ಟೇಪಿನಷ್ಟು ದೊಡ್ಡ ಸುಳ್ಳುಗಾರ ಪ್ರಪಂಚದಲ್ಲೇ ಇಲ್ಲ. ಮೊದಲ ಇಂಚೇ ಸವೆದಿರುವಾಗ ಉಳಿದದ್ದನ್ನು ನಂಬುವುದು ಹೇಗೆ ಅನ್ನುತ್ತಾನೆ. ಕಾನ್ವೆಂಟಿನಲ್ಲಿ ಮ್ಯಾಥ್ಸ್ ಸಿಸ್ಟರ್ ಕೈಯ ಸ್ಕೇಲಿನಿಂದ ಗೆಣ್ಣಿಗೆ ಏಟು ತಿಂದು ಬೆಳೆದ ನನಗೆ ಇದು ಪ್ಯೂರ್ ಬ್ಲಾಸ್‌ಫೆಮಿ, ದೈವನಿಂದೆ!

ಕೊಟ್ಟಿಗೆಯ ಬಾಗಿಲನ್ನೇ ನೋಡಿ. ಅರಕಲಗೂಡಿನ ಬಡಗಿಗೆ ಇವನು ಹೇಳಿಕಳಿಸಿದ ಅಳತೆ, ನಾಲ್ಕು ಚಪ್ಪಲಿ ಅಗಲ. ಬಡಗಿ ಪ್ರಾಮಾಣಿಕ. ತನ್ನದೇ ಪುಟ್ಟ ಚಪ್ಪಲಿ ಬಿಚ್ಚಿ ಅಳೆದ. ನಮ್ಮ ಹಸು ಇವತ್ತಿಗೂ ರಶ್ ಬಸ್ಸಿನಲ್ಲಿ ಸೀಟು ಹುಡುಕುವ ಹೆಂಗಸಿನ ಹಾಗೆ ಮೈ ಹಿಡಿ ಮಾಡಿಕೊಂಡು ಒಳಗೆ ಹೋಗುತ್ತದೆ.

ಇಂಥವನ ಪಾಲಿಗೆ ನಮ್ಮ ಹಳೆಯ ಪಿಕಪ್‌ಗೆ ಕ್ಲಚ್ ಸೈಜು ಆರಿಸುವ ಕೆಲಸ ಬಿತ್ತು!

ಆ ಗಾಡಿಯನ್ನು ನಾನೂ ಓಡಿಸುತ್ತೇನೆ. ನಗಬೇಡಿ, ಲೈಸೆನ್ಸ್ ಇದೆ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಗೋಡೆ ನೋಡುತ್ತ ಕೂತಿದ್ದ ನನ್ನನ್ನು ಎಬ್ಬಿಸಿ, ಕುಯ್ಲಾದ ಗದ್ದೆಯಲ್ಲಿ ಡ್ರೈವಿಂಗ್ ಕಲಿಸಿದವನು ಇವನೇ. ಅಂದಿನಿಂದ ಪ್ರತಿ ಗುರುವಾರ ಒಬ್ಬಳೇ ಚನ್ನರಾಯಪಟ್ಟಣಕ್ಕೆ ಹೋಗಿ, ಲೈಬ್ರರಿಯಲ್ಲಿ ಪುಸ್ತಕ ಬದಲಾಯಿಸಿ, ಒಂದು ಕಾಫಿ ಕುಡಿದು ಬರುತ್ತೇನೆ. ನನಗಿರುವುದು ಅದೊಂದೇ ಔಟಿಂಗ್. ಆದರೆ ಈಚೆಗೆ ಎಡಮಂಡಿ ಊದಿಕೊಂಡು, ಕ್ಲಚ್ ಒತ್ತಿದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ಕ್ಲಚ್ ಸವೆದು ಗಾಡಿ ನಿಂತ ದಿನ, ಇನ್ನು ನನ್ನ ಕೈಲಾಗದು ಎಂದು ನನ್ನ ಕೀ ಅವನಿಗೆ ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಹೊಳೆನರಸೀಪುರದ ಮೆಕ್ಯಾನಿಕ್ ಕ್ಲಚ್ ಬಿಚ್ಚಿ ವಿವರಿಸಿದ. ಈ ಹಳೆಯ ಗಾಡಿಗೆ ಎರಡು ಸೈಜೂ ಕೂರುತ್ತವೆ. ದೊಡ್ಡದು ಫುಲ್ ಲೋಡ್ ಎಳೆಯುತ್ತದೆ, ಪೆಡಲ್ ಮಾತ್ರ ಗಟ್ಟಿ. ಚಿಕ್ಕದು ಕಾಲಿಗೆ ಬೆಣ್ಣೆ, ಲೋಡ್ ಮಾತ್ರ ಅರ್ಧವೇ. ತೆಂಗಿನಕಾಯಿ ಹೇರುವವರಿಗೆ ದೊಡ್ಡದೇ ಸರಿ, ಹಳೆಯ ಪ್ಲೇಟನ್ನು ಹಾಸನಕ್ಕೆ ಒಯ್ದು ಅದೇ ಅಳತೆಯದು ತನ್ನಿ ಎಂದ.

ಮೈದುನ ಒಯ್ದ. ಬಸ್ಸಿನಲ್ಲಿ ಪಕ್ಕದವರ ಬಿಳಿ ಪಂಚೆಗೆ ಮಸಿ ಮೆತ್ತಿತು. ಕಂಡಕ್ಟರ್ ಪ್ಲೇಟಿನ ಸಮೇತ ಅರ್ಧ ದಾರಿಯಲ್ಲೇ ಇಳಿಸಿದ.

ಮಾರನೆಯ ಬೆಳಿಗ್ಗೆ ಆ ಪ್ಲೇಟು ನನ್ನ ಅಡುಗೆಮನೆಯಲ್ಲಿತ್ತು.

"ಅತ್ಗೆ, ಇಷ್ಟೇ ಅಗ್ಲ ಒಂದು ಅಕ್ಕಿರೊಟ್ಟಿ ತಟ್ಕೊಡಿ."

"ಟೇಪ್ ತಗೊಂಡು ಹೋಗಬಾರದೇನಪ್ಪ?"

"ಅಸಿವಾದ್ರೆ ಟೇಪ್ ತಿನ್ನಕಾಯ್ತದಾ?"

ಅಂಚಿಗೆ ಅಂಚು ಹೊಂದಿಸಿ ತಟ್ಟಿ, ಬೇಯಿಸಿ, ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅಂಗಡಿಯಲ್ಲಿ ಪ್ಲೇಟುಗಳ ಮೇಲೆಲ್ಲ ರೊಟ್ಟಿ ಇಟ್ಟು ನೋಡಿ, ಹೊಂದಿದ್ದನ್ನು ಕೊಂಡು, ಅಳತೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ಚಟ್ನಿಯ ಜೊತೆ ತಿಂದುಬಿಟ್ಟನಂತೆ. ಎವಿಡೆನ್ಸೇ ಇಲ್ಲ!

ತಂದದ್ದು ಚಿಕ್ಕ ಸೈಜು. ಮೆಕ್ಯಾನಿಕ್ ಹಣೆ ಚಚ್ಚಿಕೊಂಡ.

"ಗೌಡ್ರೇ, ಬೆಂದ್ಮೇಲೆ ರೊಟ್ಟಿ ಒಂದ್ಬೆರಳು ಕುಗ್ಗಾಕಿಲ್ವಾ? ಓಗಿ ಬದಲಾಯಿಸ್ಕಂಡ್ ಬನ್ನಿ."

"ತಂದಿದ್ದಾಯ್ತು ಕಣ. ಇದ್ನೇ ಆಕು."

ಸುದ್ದಿ ಕಟ್ಟಾಯದವರೆಗೂ ಹೋಯಿತು. ರೊಟ್ಟಿ ಗೌಡ ಎಂಬ ಹೆಸರೂ ಬಂತು. ಒಂದು ಸಲಕ್ಕೆ ಸಾಗುತ್ತಿದ್ದ ಕಾಯನ್ನು ಈಗ ಎರಡು ಟ್ರಿಪ್ ಹೊಡೆಯುತ್ತಾನೆ. ಯಾರು ಛೇಡಿಸಿದರೂ ಹಲ್ಲು ಕಿರಿಯುತ್ತಾನೆ.

ಗುರುವಾರ ಬಂದು ನನ್ನ ಪುಸ್ತಕದ ಮೇಲೆ ಕೀ ಇಟ್ಟ. ಸುಮ್ಮನೆ ಒಂದು ಸಲ ಒತ್ತಿ ನೋಡಿ ಎಂದ. ಒತ್ತಿದೆ. ಪೆಡಲ್ ಹತ್ತಿಯ ಹಾಗೆ ಇಳಿಯಿತು. ಮಂಡಿ ತುಟಿ ಪಿಟಕ್ಕೆನ್ನಲಿಲ್ಲ. ಚನ್ನರಾಯಪಟ್ಟಣದ ಅರ್ಧ ದಾರಿ ಹೋದ ಮೇಲೆ ಹೊಳೆಯಿತು. ಮೂವತ್ತು ವರ್ಷದಿಂದ ನನ್ನ ಕೈರೊಟ್ಟಿ ತಿನ್ನುತ್ತ, "ತಟ್ಟುವಾಗ ಅಷ್ಟಗ್ಲ, ತಟ್ಟೆಗೆ ಬರೋವಾಗ ಇಷ್ಟೇ, ಅತ್ಗೆ ಬಲೇ ಜುಗ್ಗಿ" ಎಂದು ದಿನಾ ಗೊಣಗುವವನು ಇವನೇ ಅಲ್ಲವೇ?

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಅವನ ರೊಟ್ಟಿಯನ್ನು ಒಂದು ಬೆರಳು ಅಗಲವಾಗಿ ತಟ್ಟಿದೆ.