ದೂಮಪ್ಪ ಭಾವನ ಬಿಯರ್ ವ್ಯಾಖ್ಯಾನ ಯಂತ್ರ

"ಜಲಜಾ, ರೆಪ್ಪೆ ಬಡಿಯಬೇಡ! ಈಗ ನೀನು ನೋಡುವಂಥದ್ದನ್ನು ಇಡೀ ಮಂಗಳೂರಲ್ಲಿ ಯಾರೂ ನೋಡಿಲ್ಲ!" ಎಂದರು ದೂಮಪ್ಪ ಭಾವ.

ರೆಪ್ಪೆ ಬಡಿಯುವ ಧೈರ್ಯ ನನಗಾದರೂ ಎಲ್ಲಿಂದ ಬರಬೇಕು? ನನ್ನ ಅಕ್ಕ ಕುಸುಮಾವತಿಯ ಗಂಡ ಈ ಭಾವ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಮನೆಯ ಮಿಕ್ಸಿ, ಫ್ಯಾನು, ನೆರೆಮನೆಯವರ ಪಂಪು ಎಲ್ಲವನ್ನೂ ಸುಧಾರಿಸುತ್ತೇನೆಂದು ಹೊರಟು ಲಗಾಡಿ ತೆಗೆದಿದ್ದರು. ಈಗ ಅವರ ಕಣ್ಣು ಬಿಜೈಯಲ್ಲಿರುವ ನನ್ನ ಪುಟ್ಟ ಬ್ರೂವರಿಯ ಮೇಲೆ ಬಿದ್ದಿತ್ತು. ಬಿಯರನ್ನು ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಬಡಿಸುವ ಜಾಗ ಅದು. ಅಡುಗೆಮನೆ ಅಕ್ಕನದು, ಬಿಯರ್ ನನ್ನದು.

ನನ್ನ ಟ್ಯಾಂಕಿನ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಕುಳಿತಿತ್ತು. ಅದರ ನೆತ್ತಿಯಲ್ಲಿ ಹಳೆಯ ಗ್ರಾಮೊಫೋನಿನ ಕಹಳೆ.

"ಇದಕ್ಕೆ ಕಿವಿ ಉಂಟು. ಬಿಯರ್ ಅಂದ್ರೆ ಎಂತ ಅಂತ ಇದರ ಎದುರು ಹೇಳಿದ್ರೆ ಸಾಕು. ಟ್ಯಾಂಕಿನೊಳಗಿನ ಅಣುಗಳನ್ನೆಲ್ಲ ಬಿಚ್ಚಿ, ನೀನು ಹೇಳಿದ ಹಾಗೆ ಪುನಃ ಜೋಡಿಸ್ತದೆ!"

"ಬಿಚ್ಚಿದ್ದನ್ನು ಜೋಡಿಸಿದ ಅಭ್ಯಾಸ ನಿಮಗೆ ಯಾವಾಗ ಇತ್ತು?" ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

"ನೀನು ಒಮ್ಮೆ ಸುಮ್ಮನಿರು ಮಾರಾಯ್ತಿ!" ಎಂದು ಭಾವ ಕಹಳೆಗೆ ಬಾಯಿ ಹಚ್ಚಿದರು. "ಬಿಯರ್ ಅಂದ್ರೆ ಕಪ್ಪಗಿರ್ಬೇಕು!"

ಪೆಟ್ಟಿಗೆ ಗುರ್ರೆಂದಿತು. ನಲ್ಲಿ ತಿರುಗಿಸಿದೆ. ಪುನರ್ಪುಳಿ ಹಣ್ಣು ಹಾಕಿದ ನನ್ನ ಕೆಂಪು ಬಿಯರ್ ಕಾಡಿಗೆಯಷ್ಟು ಕಪ್ಪಗೆ ಸುರಿಯಿತು! "ಬಿಯರ್ ಅಂದ್ರೆ ಜೇನಿನ ಪರಿಮಳ ಬೇಕು!" ಅಂದರು. ಜೇನು ಘಮ್ಮೆಂದಿತು. ಒಂದು ಗುಟುಕು ಕುಡಿದು ನೋಡಿದೆ. ಅಯ್ಯೋ ದೇವರೇ, ಎಷ್ಟು ಚೆನ್ನಾಗಿತ್ತು! ಬೈಯಬೇಕೆಂದು ಬಾಯಿ ತೆರೆದವಳು ಇನ್ನೊಂದು ಗುಟುಕು ಕುಡಿದೆ. ಸಿಟ್ಟು ಇಳಿದು ಕುತೂಹಲ ಏರಿತು. ಇನ್ನೇನು ಹೇಳಿದರೆ ಇನ್ನೇನು ಬರಬಹುದು?

"ಬರೀ ಮಾತಿಗೆ ಆದ ಬದಲಾವಣೆ ಟೆಂಪರರಿ. ಇವತ್ತು ನಿಮ್ಮ ಸಂಘದವರು ಕೈ ಎತ್ತಿ ಪಾಸು ಮಾಡಿದ್ದು ಮಾತ್ರ ಪರ್ಮನೆಂಟ್. ಅವರು ಎಂತ ಕಾನೂನು ಮಾಡಿದ್ರೂ ನಿನ್ನ ಬಿಯರು ಆ ಕ್ಷಣಕ್ಕೆ ಕಾನೂನು ಪ್ರಕಾರ ರೆಡಿ!" ಎಂದರು ಭಾವ.

ಪಾಪ, ಅವರು ಇದನ್ನು ಮಾಡಿದ್ದು ನನ್ನ ಮೇಲಿನ ಪ್ರೀತಿಗೇ. ನನ್ನ ಸಂಕಟ ಅವರಿಗೆ ಗೊತ್ತಿತ್ತು. ಒಂದು ಕಾಲದಲ್ಲಿ ಸಂಜೆಯಾದರೆ ನಮ್ಮಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. ಈಗ ಕುರ್ಚಿಗಳೇ ಇವೆ. ಹೊಸ ಹುಡುಗರಿಗೆ ಜಿಮ್ಮು, ಹಳೆಯ ಗಿರಾಕಿಗಳಿಗೆ ಶುಗರ್! ವ್ಯಾಪಾರ ಕುಂಟತೊಡಗಿದಾಗಿನಿಂದ ನಮ್ಮ ಕ್ರಾಫ್ಟ್ ಬಿಯರ್ ತಯಾರಕರ ಸಂಘವು ಬಿಯರನ್ನು ಬಿಟ್ಟು ಅದರ ವ್ಯಾಖ್ಯಾನವನ್ನೇ ಕುದಿಸತೊಡಗಿತ್ತು. ಮೊದಲು ಕ್ರಾಫ್ಟ್ ಬಿಯರ್ ಅಂದರೆ ಸಣ್ಣ ಹಂಡೆಯದ್ದು. ಅಧ್ಯಕ್ಷ ರೋಹಿದಾಸ ಶೆಣೈಯವರ ಹಂಡೆ ದೊಡ್ಡದಾದ ವರ್ಷ ಆ ಮಾತು ಹೋಯಿತು. ಆಮೇಲೆ, ದೊಡ್ಡ ಕಂಪನಿಯವರ ಕೈ ಇರಬಾರದು ಎಂದಿತ್ತು. ಹಿಲರಿ ಪಿಂಟೊ ತಮ್ಮ ಬ್ರೂವರಿಯ ಅರ್ಧವನ್ನು ಅಂಥವರಿಗೇ ಮಾರಿದ ವರ್ಷ ಅದೂ ಹೋಯಿತು. ಈ ವರ್ಷ ಶೆಣೈಯವರ ಹೊಸ ಠರಾವು: ಹಂಡೆ ದೊಡ್ಡದೇ ಆಗಿರಬೇಕು!

ದೊಡ್ಡ ಹಂಡೆ ಇಲ್ಲದವಳು ಇಡೀ ಸಂಘದಲ್ಲಿ ನಾನೊಬ್ಬಳೇ. ಸಂಘದಲ್ಲಿಲ್ಲದವರಿಗೆ ತಣ್ಣೀರುಬಾವಿ ಬೀಚಿನ ಬಿಯರ್ ಹಬ್ಬದಲ್ಲಿ ಸ್ಟಾಲ್ ಇಲ್ಲ. ಆ ಹಬ್ಬದ ವ್ಯಾಪಾರದ ಬಲದಲ್ಲೇ ನನ್ನ ಬಾಗಿಲು ವರ್ಷವಿಡೀ ತೆರೆದಿರುವುದು. ಠರಾವು ಪಾಸಾದರೆ ನಾನು ಸಂಘದಿಂದ ಹೊರಗೆ, ಬೀಗ ಹಾಕಿ ಮನೆಯಲ್ಲಿ ಕೂರಬೇಕಿತ್ತು. ಇಷ್ಟೆಲ್ಲದರ ಮೇಲೆ, ಈ ಸಲದ ಮಹಾಸಭೆ ನಡೆಸುವ ಸರದಿ ನನ್ನದೇ!

ಮಧ್ಯಾಹ್ನ ಸಭೆ ಸೇರಿತು. ಪ್ರತಿ ಮೇಜಿಗೂ ಒಂದೊಂದು ನಲ್ಲಿ, ಎದುರಿಗೆ ತುಂಬಿದ ಮಗ್ಗು. ಶೆಣೈಯವರು ಎದ್ದು ಗಂಟಲು ಸರಿಪಡಿಸಿಕೊಂಡರು.

"ಬೆಳವಣಿಗೆ ನಿಂತಿದೆ ಮಾರಾಯ್ರೆ. ಸಣ್ಣ ಸಣ್ಣ ಅಂತ ಕೂತ್ರೆ ಆಗುದಿಲ್ಲ. ಕ್ರಾಫ್ಟ್ ಬಿಯರ್ ಅಂದ್ರೆ ಧಾರಾಳ ಇರ್ಬೇಕು!"

ಪೆಟ್ಟಿಗೆ ಗುರ್ರೆಂದಿತು. ಎಲ್ಲ ನಲ್ಲಿಗಳೂ ಒಟ್ಟಿಗೆ ಬಾಯಿ ಬಿಟ್ಟವು! ಮಗ್ಗು ಉಕ್ಕಿ, ಮೇಜು ಉಕ್ಕಿ, ಶೆಣೈಯವರ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ನೆನೆಯಿತು.

"ಎಂತ ಅವಸ್ಥೆ ಇದು!" ಎಂದು ಅವರು ಕುರ್ಚಿ ಹತ್ತಿದರು.

"ಕಂಟ್ರೋಲಿನಲ್ಲಿ ಉಂಟು! ಕಂಟ್ರೋಲಿನಲ್ಲಿ ಉಂಟು!" ಎಂದು ಭಾವ ನೆಲ ಒರೆಸತೊಡಗಿದರು.

ಹಿಲರಿ ಪಿಂಟೊ ನಕ್ಕು ಎದ್ದರು. "ದೊಡ್ಡದೋ ಸಣ್ಣದೋ, ಬಿಯರು ಯಾರದ್ದು ಅಂತ ಕೇಳ್ಲೇಬಾರದು. ಯಾರದ್ದಾದರೆ ಎಂತ?"

ಗುರ್ರ್! ಅವರ ಮೇಜಿನ ನಲ್ಲಿ ಆನೆಯ ಸೊಂಡಿಲಿನಂತೆ ಬಾಗಿ, ಅವರ ಮಗ್ಗಿನಲ್ಲಿದ್ದುದನ್ನು ಸೊರ್ರೆಂದು ಹೀರಿಬಿಟ್ಟಿತು. ಮರುಕ್ಷಣ ಅದೇ ಬಿಯರು ಶೆಣೈಯವರ ಮಗ್ಗಿನಲ್ಲಿ!

"ಅದು ನನ್ನದು!" ಎಂದು ಪಿಂಟೊ ಕೂಗಿದರು.

"ಈಗ ತಾನೇ ಯಾರದ್ದಾದರೆ ಎಂತ ಅಂದ್ರಲ್ಲ!" ಎಂದು ಶೆಣೈ ಗಟಗಟ ಕುಡಿದರು.

ಹಿಂದಿನ ಸಾಲಿನಿಂದ ಯಾರೋ, "ಜಗಳ ಬೇಡ, ಬಿಯರಿಗೆ ನಮ್ಮ ಊರಿನ ರುಚಿ ಬೇಕು!" ಅಂದರು. ಅಷ್ಟೇ! ಎಲ್ಲ ಮಗ್ಗುಗಳಿಂದ ಒಣಮೀನಿನ ವಾಸನೆ ಎದ್ದಿತು. ಅಕ್ಕ ಅಡುಗೆಮನೆಯಿಂದ ಓಡಿಬಂದಳು. "ನನ್ನ ಒಣ ಬಂಗುಡೆಯ ಡಬ್ಬ ಖಾಲಿ! ಮುಚ್ಚಳ ಹಾಕಿದ್ದ ಹಾಗೇ ಉಂಟು, ಒಳಗೆ ಒಂದು ಮೀನಿಲ್ಲ! ನಿಮ್ಮ ಯಂತ್ರಕ್ಕೆ ಬೆಂಕಿ ಬೀಳ!"

ನನಗೆ ಒಂದು ಕಡೆ ಅಳು, ಒಂದು ಕಡೆ ತಡೆಯಲಾಗದ ಕುತೂಹಲ. ಯಂತ್ರದ ಪ್ಲಗ್ ಕೀಳಲೇಬೇಕಿತ್ತು. ಕೀಳಲಿಲ್ಲ.

ಅಷ್ಟರಲ್ಲಿ ಜಗಳ ಏರಿತ್ತು. ಪಿಂಟೊ ಅವರ ಬಿಯರ್ ಕಹಿಗೆ ಹೆಸರುವಾಸಿ. ಶೆಣೈ, "ಕಹಿ ಇರತಕ್ಕದ್ದಲ್ಲ!" ಎಂದು ಸೂಚಿಸಿದರು. ಹೆಚ್ಚು ಕೈ ಎದ್ದು ಪಾಸಾಯಿತು. ಶೆಣೈಯವರ ಬಿಯರಿನ ಹೆಮ್ಮೆಯೆಂದರೆ ಅದರ ದಪ್ಪ ನೊರೆ. ಪಿಂಟೊ ಬಿಡುತ್ತಾರೆಯೇ? "ನೊರೆ ಇರತಕ್ಕದ್ದಲ್ಲ! ಹೊಟ್ಟೆಯಲ್ಲಿ ಗ್ಯಾಸ್ ಆಗ್ತದೆ!" ಅದೂ ಪಾಸು. ಹಿಂದಿನ ಸಾಲಿನವರ ಬಿಯರಿಗೆ ಅಮಲು ಜಾಸ್ತಿ. ಇವರಿಬ್ಬರೂ ಮೊದಲ ಬಾರಿ ಒಂದಾಗಿ, "ಅಮಲೂ ಇರತಕ್ಕದ್ದಲ್ಲ! ಈಗ ಅಮಲಿಲ್ಲದ್ದೇ ಓಡುದು!" ಎಂದರು. ಮತ್ತೆ ಕೈ ಎದ್ದವು. ಎದುರಿನವನದ್ದನ್ನು ಕತ್ತರಿಸುವ ಭರದಲ್ಲಿ ತಮ್ಮದೂ ಹೋಯಿತೆಂದು ಒಬ್ಬರಿಗೂ ಹೊಳೆಯಲಿಲ್ಲ. ಮಗ್ಗಿನಲ್ಲಿ ನೊರೆ ಇಳಿಯಿತು, ಕಹಿ ಹೋಯಿತು, ಅಮಲೂ ಇಲ್ಲವಾಯಿತು. ನಾನು ಪ್ರತಿ ಸಲವೂ ರುಚಿ ನೋಡುತ್ತಲೇ ಇದ್ದೆ.

ಕೊನೆಗೆ ಶೆಣೈಯವರ ಎರಡು ಆಸೆಗಳು ಹೊರಬಿದ್ದವು. ಬಾರ್ಲಿಯೇ ಬೇಕೆಂದಿಲ್ಲ, ಯಾವ ಧಾನ್ಯವಾದರೂ ಸರಿ. ಹಂಡೆ ಮಾತ್ರ ದೊಡ್ಡದೇ ಬೇಕು. ಧಾನ್ಯದ ಮಾತಿಗೆ ಕೈಗಳು ಸಮ ಸಮ ಎದ್ದವು. ಉಳಿದದ್ದು ನನ್ನ ಕೈ ಒಂದೇ. ಎಲ್ಲರೂ ನನ್ನತ್ತ ತಿರುಗಿದರು.

"ಕೈ ಎತ್ತುತ್ತೇನೆ ಶೆಣೈಯವರೇ. ಆದ್ರೆ ಯಾವ ಧಾನ್ಯವಾದರೂ ಆಗ್ತದೆ ಅಂತಾದ್ರೆ ಯಾವ ಪಾತ್ರೆಯಾದರೂ ಆಗ್ಬೇಕು. ಎರಡೂ ಒಟ್ಟಿಗೆ ಪಾಸು ಮಾಡಿ," ಅಂದೆ.

ಶೆಣೈ ಹಲ್ಲು ಕಡಿದರು. ಪಿಂಟೊ ಅವರ ನಗುಮುಖ ನೋಡಿ ಇನ್ನಷ್ಟು ಕಡಿದರು. "ಆಯ್ತು, ಬರ್ಕೊಳ್ಳಿ! ಕ್ರಾಫ್ಟ್ ಬಿಯರ್ ಅಂದ್ರೆ ಯಾವುದೇ ಪಾತ್ರೆಯಲ್ಲಿ, ಯಾವುದೇ ಧಾನ್ಯವನ್ನು ನೀರಿನಲ್ಲಿ ಬೇಯಿಸಿದ್ದು. ಕಹಿ, ನೊರೆ, ಅಮಲು ಇರತಕ್ಕದ್ದಲ್ಲ!"

ಕೈಗಳು ಎದ್ದವು. ನನ್ನದೂ ಎದ್ದಿತು. ಗೆದ್ದೆ! ಬ್ರೂವರಿ ಉಳಿಯಿತು!

ಪೆಟ್ಟಿಗೆ ಈ ಸಲ ಗುರ್ರೆನ್ನಲಿಲ್ಲ. ಟಣ್ಣೆಂದು ಗಂಟೆ ಹೊಡೆದು, ಒಳಗೆ ಏನೋ ಕಟಕ್ಕೆಂದು ಬೀಗ ಬಿದ್ದಂತಾಯಿತು. ನಲ್ಲಿಗಳಿಂದ ಬಿಸಿ ಹಬೆ ಎದ್ದಿತು. ಮಗ್ಗಿಗೆ ಏನೋ ಮಂದವಾಗಿ, ಬುಳುಬುಳು ಇಳಿಯಿತು. ಎಲ್ಲರೂ ಕತ್ತು ಚಾಚಿ ನೋಡಿದೆವು. ಅಕ್ಕ ಬೆರಳದ್ದಿ ನೆಕ್ಕಿದಳು.

"ಅಯ್ಯೋ! ಇದು ಕುಚ್ಚಲಕ್ಕಿ ಗಂಜಿಯಲ್ವಾ!"

ಎಲ್ಲರೂ ಒಂದೊಂದು ಗುಟುಕು ಕುಡಿದು ನೋಡಿದರು. ಆಮೇಲೆ ಹಿಲರಿ ಪಿಂಟೊ ಮೆಲ್ಲಗೆ ಕೇಳಿದರು, "ಚಟ್ನಿ ಉಂಟಾ?"

ಭಾವ ಕುಣಿದರು. "ನೋಡಿದ್ರಾ! ಒಂದಕ್ಷರ ತಪ್ಪಿಲ್ಲ! ನೀವು ಹೇಳಿದ್ದು ಇದನ್ನೇ!"

"ಪುನಃ ಬಿಯರ್ ಮಾಡಿ ಭಾವ," ಅಂದೆ.

"ಅದು ಹೇಗಾಗ್ತದೆ? ಪಾಸಾದದ್ದು ಪರ್ಮನೆಂಟ್. ಇನ್ನು ಮುಂದಿನ ವರ್ಷದ ಮಹಾಸಭೆಗೇ."

ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ನಾನೇ ಆರಿಸಿ ತಂದ ಹಣ್ಣಿನ, ನಾನೇ ಕಾದು ಕೂತು ಹುದುಗಿಸಿದ ಪುನರ್ಪುಳಿ ಬಿಯರ್, ಈಗ ಅಂಚಿನವರೆಗೂ ಗಂಜಿ. ಬ್ರೂವರಿ ಉಳಿಸಿಕೊಂಡು ಬಿಯರ್ ಕಳೆದುಕೊಂಡೆನಲ್ಲ ಎಂದು ಅಲ್ಲೇ ನಿಂತು ಅತ್ತೆ. ಅಕ್ಕ ಬೆನ್ನು ಸವರಿದಳು.

ಸಭೆ ಮಾತ್ರ ನಿಲ್ಲಲಿಲ್ಲ. ಹೊಸ ವ್ಯಾಖ್ಯಾನದ ಪ್ರಕಾರ ಮಂಗಳೂರಿನ ಮನೆಮನೆಯೂ ಒಂದೊಂದು ಬ್ರೂವರಿಯೆಂದು ಯಾರಿಗೋ ಹೊಳೆಯಿತು. ನಿಂತೇ ಹೋಗಿದ್ದ ಬೆಳವಣಿಗೆ ಒಂದೇ ಮಧ್ಯಾಹ್ನದಲ್ಲಿ ಆಕಾಶ ಮುಟ್ಟಿತು, ಎಲ್ಲರೂ ಚಪ್ಪಾಳೆ ಹೊಡೆದರು! ಮುಂದಿನದು ಅಧ್ಯಕ್ಷರ ಆಯ್ಕೆ. ಶೆಣೈಗೆ ಪಿಂಟೊ ಬಿಟ್ಟುಕೊಡಲಿಲ್ಲ, ಪಿಂಟೊಗೆ ಶೆಣೈ ಬಿಟ್ಟುಕೊಡಲಿಲ್ಲ. ಈ ಬಗೆಯ ಕ್ರಾಫ್ಟ್ ಬಿಯರಿನಲ್ಲಿ ಹೆಚ್ಚು ಅನುಭವ ಯಾರಿಗೆಂದು ಹುಡುಕಿ, ಕೊನೆಗೆ ಅಕ್ಕನನ್ನೇ ಆರಿಸಿದರು. ಅವಳು ಸೌಟು ಹಿಡಿದೇ ಅಧಿಕಾರ ವಹಿಸಿಕೊಂಡಳು.

ಬೀಚಿನ ಹಬ್ಬ ಬಂತು. ನನ್ನ ಸ್ಟಾಲಿನಲ್ಲಿ ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ. ಬಿಸಿಲಿಗೆ ಬೆಂದು ಬಂದವರೆಲ್ಲ ಸಾಲು ನಿಂತರು. ನನಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಅಧ್ಯಕ್ಷೆಯಾದ ಅಕ್ಕ ಸ್ಟಾಲುಗಳ ತಪಾಸಣೆಗೆ ಹೊರಟಳು. ನಾನೂ ಕುತೂಹಲಕ್ಕೆ ಹಿಂದೆ ಹೋದೆ. ಶೆಣೈಯವರು, ಭಾವನ ಯಂತ್ರ ಮುಟ್ಟದ ತಮ್ಮ ದೊಡ್ಡ ಹಂಡೆಯಿಂದ ತಂದ ಹೊಂಬಣ್ಣದ ಬಿಯರನ್ನು ಗಾಜಿನ ಮಗ್ಗಿಗೆ ಸುರಿದು ನೀಡಿದರು. ಅಕ್ಕ ಅದನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಮುಖ ಸಿಂಡರಿಸಿದಳು.

"ಶೆಣೈಯವರೇ, ಇದರಲ್ಲಿ ಒಂದು ಅಗುಳೂ ಇಲ್ಲ. ಹುಳಿ ವಾಸನೆ ಬರ್ತಾ ಉಂಟು, ಮೇಲೆ ನೊರೆ ಬೇರೆ! ಇದು ಹಳಸಿದೆ ಮಾರಾಯ್ರೆ. ಜನರಿಗೆ ಕೊಡ್ಬೇಡಿ, ಚೆಲ್ಲಿ."

ಶೆಣೈಯವರು ಸಹಾಯಕ್ಕಾಗಿ ನನ್ನ ಮುಖ ನೋಡಿದರು. ನಾನೇನು ಹೇಳಲಿ? ಅಕ್ಕ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಿಯರ್ ಅಂದರೆ ಹಳಸಿದ ಧಾನ್ಯದ ನೀರೇ. ಅದನ್ನು ಚೆನ್ನಾಗಿ ಹಳಸಿಸುವುದು ಹೇಗೆಂದು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿದಿತ್ತು, ಅಷ್ಟೆ.